ಡ್ರಾಯಿಂಗ್ ಟೀಚರ್ ಅಂತಲೇ ಹೇಳಿಕೊಳ್ಳಿ

ಪ್ರಶ್ನೆ:

ನಾನು ಗದಗ ಜಿಲ್ಲೆಯವಳು, ವಯಸ್ಸು ಮೂವತ್ತಾರು. ಚಿತ್ರಕಲೆಯಲ್ಲಿ ಪದವಿ ಮುಗಿಸಿ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಮಗಳು ಮಲಗಿದ ಮೇಲೆ ರಾತ್ರಿ ಒಂದೆರಡು ತಾಸು ನನ್ನ ಚಿತ್ರ ನಾನು ಬರೆಯುತ್ತೇನೆ. ಇದುವರೆಗೆ ಒಂದೂ ಏಕವ್ಯಕ್ತಿ ಪ್ರದರ್ಶನ ಆಗಿಲ್ಲ. ಮುಂದಿನ ತಿಂಗಳು ಧಾರವಾಡದಲ್ಲಿ ನಮ್ಮ ಭಾಗದ ಕಲಾವಿದರ ಎರಡು ದಿನದ ಸಮಾವೇಶವಿದೆ. ಚಿತ್ರಕಾರರು, ಶಿಲ್ಪಿಗಳಷ್ಟೇ ಅಲ್ಲ, ಕಲಾ ಶಿಕ್ಷಕರು, ಫ್ರೇಮ್ ಹಾಕುವವರು, ಗ್ಯಾಲರಿ ಕೆಲಸದವರು ಎಲ್ಲರೂ ಬರಬಹುದಂತೆ. ನನಗೂ ಕರೆ ಬಂದಿದೆ. ಆಸೆಯೂ ಇದೆ, ಅಳುಕೂ ಇದೆ. ಬೆಂಗಳೂರು, ಬರೋಡಾ ಕಂಡು ಬಂದವರು ಇರುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. "ನೀವೇನು ಮಾಡ್ತೀರಿ" ಅಂತ ಕೇಳಿದರೆ ಬರೀ ಡ್ರಾಯಿಂಗ್ ಟೀಚರ್ ಅಂತ ಹೇಗೆ ಹೇಳಲಿ? ನಮ್ಮ ಮನೆಯವರು "ಎರಡು ದಿನ ಹೋಗಿ ಏನು ತರ್ತೀ" ಅನ್ನುತ್ತಾರೆ. ನನ್ನ ಹತ್ತಿರ ಉತ್ತರವಿಲ್ಲ. ಇನ್ನೊಂದು ವಿಷಯ. ಹೋದ ವರ್ಷ ಒಂದು ಸಂಸ್ಥೆಯ ಚಿತ್ರಕಲಾ ಶಿಬಿರಕ್ಕೆ ಹೋಗಿದ್ದೆ. ಗೌರವಧನ ಕೊಡುತ್ತೇವೆಂದವರು ಇನ್ನೂ ಕೊಟ್ಟಿಲ್ಲ. ಅಲ್ಲಿ ಬಿಟ್ಟುಬಂದ ಚಿತ್ರ ಈ ವರ್ಷ ಅವರ ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ, ನನ್ನ ಹೆಸರಿಲ್ಲ. ಆ ಸಂಸ್ಥೆಯವರೂ ಸಮಾವೇಶಕ್ಕೆ ಬರುತ್ತಾರೆ. ಕೇಳಿದರೆ ಮುಂದೆ ಯಾರೂ ಕರೆಯಲಿಕ್ಕಿಲ್ಲ ಎಂಬ ಭಯ. ಹೋಗಲೋ ಬೇಡವೋ?

ಹೆಸರು ಬೇಡ, ಗದಗ ಜಿಲ್ಲೆ

ಉತ್ತರ:

ತಂಗಿ, ಹೋಗಿ ಬನ್ನಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದಾಗ ಅನ್ನಿಸಿತು: ಇಂಗ್ಲಿಷು, ಬೆಂಗಳೂರು, ಮನೆಯವರ ಮಾತು ಇವೆಲ್ಲ ನೀವು ಮೊದಲು ಬರೆದ ಭಯಗಳು, ಕೊನೆಗೆ ಹಿಂಜರಿಯುತ್ತ ಬರೆದ ಕ್ಯಾಲೆಂಡರಿನ ಸಂಗತಿಯೇ ನಿಮ್ಮನ್ನು ನಿಜವಾಗಿ ಕುಟುಕುತ್ತಿರುವುದು. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮ ಕೆಲಸದ ಬಗ್ಗೆ ನೀವೇ ಸಾಕಿಕೊಂಡಿರುವ ಕೀಳರಿಮೆಯನ್ನು ಇತ್ಯರ್ಥ ಮಾಡೋಣ.

ಹೋಗುತ್ತಿರುವುದು ಯಾವ ಊರಿಗೆ ಎಂದು ಸ್ವಲ್ಪ ಯೋಚಿಸಿ. ಧಾರವಾಡದಲ್ಲಿ ಚಿತ್ರಕಲೆ ಬೇರೂರಿದ್ದರ ಹಿಂದೆ ಡಿ.ವಿ. ಹಾಲಭಾವಿಯವರು ಕಟ್ಟಿದ ಶಾಲೆ ಇದೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು ಊರ ಕಡೆ ಬಂದು ಮಕ್ಕಳಿಗೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದರು. ನಿಮ್ಮದೇ ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು. ಬಾದಾಮಿಯ ಆರ್.ಎಂ. ಹಡಪದರು ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ನಡೆಸಿದರು, ಇವತ್ತು ಹೆಸರು ಮಾಡಿರುವ ಎಷ್ಟೋ ಕಲಾವಿದರು ಅವರ ಕೈಯಲ್ಲಿ ಪಳಗಿದವರು. ನಮ್ಮ ಉತ್ತರ ಕರ್ನಾಟಕದ ಚಿತ್ರಕಲೆಯ ಚರಿತ್ರೆಯಿಂದ ಡ್ರಾಯಿಂಗ್ ಮಾಸ್ತರರನ್ನು ತೆಗೆದುಹಾಕಿದರೆ ಉಳಿಯುವುದು ತೀರ ಕಡಿಮೆ. ಕಾರಣವೂ ಸರಳ. ಚಿತ್ರ ಕೊಳ್ಳುವ ಸಿರಿವಂತರು, ದೊಡ್ಡ ಗ್ಯಾಲರಿಗಳು ಇಲ್ಲದ ನೆಲದಲ್ಲಿ ಚಿತ್ರ ಬರೆಯುವವರ ಮನೆ ನಡೆಸಿದ್ದು ಶಾಲೆಯ ಸಂಬಳ.

ಹೊಟ್ಟೆಪಾಡಿನ ಕೆಲಸ ಕಲಾವಿದರ ಮರ್ಯಾದೆ ಕಳೆಯುತ್ತದೆ ಎನ್ನುವವರಿಗೆ ಕಲಬುರಗಿಯ ಎಸ್.ಎಂ. ಪಂಡಿತರನ್ನು ತೋರಿಸಿ. ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಬರೆದೇ ಅವರು ಮನೆಮಾತಾದದ್ದು. ಚಿತ್ರದ ಮೂಲೆಯಲ್ಲಿ ಅವರ ಸಹಿಯೂ ಇರುತ್ತಿತ್ತು. ಕ್ಯಾಲೆಂಡರು ಅಚ್ಚು ಹಾಕುವವರಿಗೆ ಕಲಾವಿದನ ಹೆಸರು ಆಗಲೂ ಭಾರವಾಗಿರಲಿಲ್ಲ.

ಹಾಗಾಗಿ "ನೀವೇನು ಮಾಡ್ತೀರಿ" ಎಂದು ಯಾರಾದರೂ ಕೇಳಿದರೆ ಡ್ರಾಯಿಂಗ್ ಟೀಚರ್ ಅಂತಲೇ ಹೇಳಿ, ಅಲ್ಲಿಗೇ ನಿಲ್ಲಿಸಬೇಡಿ. ಪರೀಕ್ಷೆ ಹತ್ತಿರ ಬಂದಂತೆ ನಿಮ್ಮ ಪಿರಿಯಡ್ ಗಣಿತದವರ ಪಾಲಾಗುವುದನ್ನು ಹೇಳಿ. ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಲು ಪಡುವ ಪಾಡು ಹೇಳಿ. ಗ್ಯಾದರಿಂಗ್ ಬಂದರೆ ವೇದಿಕೆಯ ಬ್ಯಾನರು, ಅಂಗಳದ ರಂಗೋಲಿ, ನೂರಾರು ಸರ್ಟಿಫಿಕೇಟಿನಲ್ಲಿ ಚೆಂದದ ಅಕ್ಷರದ ಹೆಸರು ಎಲ್ಲವೂ ನಿಮ್ಮ ತಲೆಗೇ ಬೀಳುತ್ತವಲ್ಲ, ಅದನ್ನೂ ಹೇಳಿ. ಪಕ್ಕದ ಕುರ್ಚಿಯಲ್ಲಿ ಕೂತವರೂ ಅದೇ ಪಾಡಿನವರಾಗಿರುವ ಸಾಧ್ಯತೆಯೇ ಹೆಚ್ಚು. ಪ್ರದರ್ಶನಗಳ ಪಟ್ಟಿ ಒಪ್ಪಿಸುವುದಕ್ಕಿಂತ ಹೀಗೆ ಪರಿಚಯವಾದವರ ಸ್ನೇಹ ಹೆಚ್ಚು ದಿನ ಬಾಳುತ್ತದೆ.

ಇಂಗ್ಲಿಷಿನ ಭಯಕ್ಕೆ ಹೆಚ್ಚು ಮಾತು ಬೇಡ. ಧಾರವಾಡದಲ್ಲಿ ಕನ್ನಡದಲ್ಲಿ ಮಾತಾಡಲು ಹೆದರುವವರನ್ನು ನಾನಂತೂ ಕಂಡಿಲ್ಲ. ನಿಮ್ಮ ಚಿತ್ರಗಳ ಬಗ್ಗೆ ಅರ್ಧ ಪುಟ ಕನ್ನಡದಲ್ಲೇ ಬರೆದು ಇಟ್ಟುಕೊಳ್ಳಿ. ಏನು ಬರೆಯುತ್ತೀರಿ, ಯಾವ ಬಣ್ಣದಲ್ಲಿ, ಯಾಕೆ. ಬೇಕಾದವರು ಇಂಗ್ಲಿಷಿಗೆ ಮಾಡಿಕೊಳ್ಳಲಿ.

ಇನ್ನು ಸಮಾವೇಶ. ಅದರ ಬಗ್ಗೆ ಭ್ರಮೆಯೂ ಬೇಡ. ಮೊದಲ ದಿನ ಬೆಳಿಗ್ಗೆ ದೀಪ, ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿಯುವ ಹೊತ್ತಿಗೆ ಊಟದ ಗಂಟೆ ಹೊಡೆದಿರುತ್ತದೆ. (ಶಾಲು ಹೊದಿಸುವ ಉತ್ಸಾಹದ ಕಾಲುಭಾಗ ಪ್ರಯಾಣಭತ್ಯೆ ಕೊಡುವುದರಲ್ಲಿ ಇದ್ದಿದ್ದರೆ ನಮ್ಮ ಕಲಾವಿದರ ಅರ್ಧ ಕಷ್ಟ ಕಳೆಯುತ್ತಿತ್ತು.) ಅದಕ್ಕೆ ಬೇಸರಿಸಿಕೊಂಡು ಎದ್ದು ಬರಬೇಡಿ. ನಿಮಗೆ ಬೇಕಾದದ್ದು ಸಿಗುವುದು ಚಹಾದ ಹೊತ್ತಿನಲ್ಲಿ, ಊಟದ ಸಾಲಿನಲ್ಲಿ, ರಾತ್ರಿ ಹೆಣ್ಣುಮಕ್ಕಳ ವಸತಿಯ ಕೋಣೆಯಲ್ಲಿ. ದೊಡ್ಡವರ ಸುತ್ತ ಸೆಲ್ಫಿಗೆ ನಿಂತವರ ಗುಂಪಿನಲ್ಲಿ ನೂಕಾಡಬೇಡಿ, ಅವರಿಗೆ ನಿಮ್ಮ ನೆನಪೂ ಉಳಿಯುವುದಿಲ್ಲ. ಫ್ರೇಮ್ ಹಾಕುವವರ ಹತ್ತಿರ ಹೋಗಿ. ಕಾಗದದ ಚಿತ್ರ ಗಾಜಿಗೆ ಅಂಟದಂತೆ ನಡುವೆ ಮೌಂಟ್ ಬಿಡುವುದು ಹೇಗೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಏನು ಮಾಡಬೇಕು, ದೂರದ ಪ್ರದರ್ಶನಕ್ಕೆ ಕಳಿಸುವಾಗ ಹೇಗೆ ಕಟ್ಟಬೇಕು, ಇವೆಲ್ಲ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ, ಅವರಿಗೆ ಬಾಯಿಪಾಠ. ಗ್ಯಾಲರಿಯಲ್ಲಿ ಚಿತ್ರ ತೂಗುಹಾಕುವ ಹುಡುಗರನ್ನು ಮಾತಾಡಿಸಿ. ಯಾವ ಗ್ಯಾಲರಿ ಬಾಡಿಗೆ ಎಷ್ಟು ತೆಗೆದುಕೊಳ್ಳುತ್ತದೆ, ಯಾರು ಹಣ ಸರಿಯಾಗಿ ಕೊಡುತ್ತಾರೆ, ಯಾರು ಸತಾಯಿಸುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ವಿಮರ್ಶಕನಿಗೂ ಗೊತ್ತಿರುವುದಿಲ್ಲ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಪೇಂಟರುಗಳು, ನಾಟಕ ಕಂಪನಿಗೆ ಪರದೆ ಬರೆದವರು ಬಂದಿದ್ದರೆ ಅವರ ಪಕ್ಕ ಕೂತು ಕೇಳಿಸಿಕೊಳ್ಳಿ. ಇಪ್ಪತ್ತಡಿ ಬಟ್ಟೆಯ ಮೇಲೆ ಅರಮನೆ ಎಬ್ಬಿಸಿದ ಕೈಗಳವು.

ಹೀಗೆ ಸೇರುವುದರಿಂದ ಏನಾಗುತ್ತದೆ ಎಂದು ನಿಮ್ಮ ಯಜಮಾನರು ಕೇಳಿದರೆ ಎರಡು ಸಂಗತಿ ಹೇಳಿ. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರಿಗೆ ಇದ್ದದ್ದೂ ನಿಮ್ಮದೇ ಚಿಂತೆ: ಓದು ಮುಗಿದ ಮೇಲೆ ಹೊಟ್ಟೆಗೇನು? ಅವರು ಒಟ್ಟಾಗಿ ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿದರು, ಆ ಹಣದಲ್ಲಿ ಸಮುದ್ರದಂಡೆಯಲ್ಲಿ ಜಾಗ ಕೊಂಡರು. 1966ರಲ್ಲಿ ಹಾಗೆ ಎದ್ದ ಚೋಳಮಂಡಲ ಕಲಾಗ್ರಾಮ ಇವತ್ತಿಗೂ ಚೆನ್ನೈ ಪಕ್ಕದಲ್ಲಿದೆ. ಇನ್ನೊಂದು ನಮ್ಮದೇ ರಾಜಧಾನಿಯದು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನದ ಕೈಗೆ ಒಪ್ಪಿಸುವ ಯೋಜನೆ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಚಿತ್ರದ ವಿಷಯಕ್ಕೆ ಒಬ್ಬರ ಮುಖ ಒಬ್ಬರು ನೋಡದವರೂ ಅವತ್ತು ಒಟ್ಟಿಗೆ ನಿಂತಿದ್ದರು. ಮೊದಲೇ ಪರಿಚಯವಿದ್ದವರು ಮಾತ್ರ ಅಷ್ಟು ಬೇಗ ಒಟ್ಟು ಸೇರಬಲ್ಲರು.

ಈಗ ಕ್ಯಾಲೆಂಡರು. ಶಿಬಿರಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಕ್ಯಾನ್ವಾಸು, ಬಣ್ಣ, ಊಟ, ವಸತಿ ಅವರದು. ಬರೆದ ಚಿತ್ರ ಅವರಿಗೆ. ಕೊನೆಯ ದಿನ ಒಂದು ಲಕೋಟೆ. ಇದರಲ್ಲಿ ತಪ್ಪೇನಿಲ್ಲ, ಎರಡೂ ಕಡೆಯವರಿಗೆ ಲೆಕ್ಕ ಗೊತ್ತಿದ್ದರೆ. ನಿಮ್ಮ ವಿಷಯದಲ್ಲಿ ಲಕೋಟೆಯೂ ಬರಲಿಲ್ಲ, ಹೆಸರೂ ಹೋಯಿತು.

ಕಾನೂನು ಏನನ್ನುತ್ತದೆ ಎಂದು ತಿಳಿದಿರಲಿ. ಕ್ಯಾನ್ವಾಸು ಯಾರ ಗೋಡೆಯ ಮೇಲಿದೆ ಎಂಬುದು ಬೇರೆ, ಆ ಚಿತ್ರವನ್ನು ಅಚ್ಚು ಹಾಕುವ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಆ ಹಕ್ಕು ಬರೆದವರದು. ಅವರ ಜೀವಮಾನ, ಆಮೇಲೆ ಅರವತ್ತು ವರ್ಷ. ಆದರೆ ಒಂದು ತೊಡಕಿದೆ. ಹಣ ಕೊಟ್ಟು, ತಾವಾಗಿ ಹೇಳಿ ಬರೆಸಿಕೊಂಡ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಬರೆಸಿಕೊಂಡವರೇ ಹಕ್ಕಿನ ಮೊದಲ ಒಡೆಯರಾಗುತ್ತಾರೆ. ಶಿಬಿರದ ಚಿತ್ರ ಈ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ವಾದ ಹೂಡಬಹುದು. ಗೌರವಧನವನ್ನೇ ಕೊಡದವರು ಆ ವಾದ ಹೂಡುವುದು ಕಷ್ಟ, ಅಷ್ಟೆ. ಹೆಸರಿನ ವಿಷಯದಲ್ಲಿ ಮಾತ್ರ ನಿಮ್ಮ ನೆಲ ಗಟ್ಟಿ. ಚಿತ್ರವನ್ನು ಮಾರಿದರೂ, ಅಚ್ಚಿನ ಹಕ್ಕನ್ನು ಬರೆದುಕೊಟ್ಟರೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದರ ಬಳಿಯೇ ಉಳಿಯುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ದೆಹಲಿಯ ವಿಜ್ಞಾನ ಭವನಕ್ಕೆ ಶಿಲ್ಪಿ ಅಮರನಾಥ ಸೆಹಗಲ್ ಮಾಡಿಕೊಟ್ಟಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಟ್ಟಡ ದುರಸ್ತಿಯ ನೆಪದಲ್ಲಿ ಕಿತ್ತು ಗೋದಾಮಿಗೆ ಹಾಕಿದರು. ಹಣ ಕೊಟ್ಟು ಮಾಡಿಸಿದ್ದು ಸರ್ಕಾರವೇ. ಆದರೂ ಶಿಲ್ಪಿ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದಿದ್ದ ಭಾಗಗಳನ್ನು ಅವರಿಗೆ ಮರಳಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಹೇಳಿತು. ನೀವು ಕೋರ್ಟಿನ ಮೆಟ್ಟಿಲು ಹತ್ತಿ ಎನ್ನುತ್ತಿಲ್ಲ. ನಿಮ್ಮ ಬೇಡಿಕೆ ಭಿಕ್ಷೆಯಲ್ಲ ಎಂಬ ಧೈರ್ಯ ಇರಲಿ ಎಂದು ಹೇಳಿದೆ.

ಮಾಡಬೇಕಾದದ್ದು ಇಷ್ಟು. ಸಮಾವೇಶದ ಮೈಕಿನ ಮುಂದೆ ಈ ಜಗಳ ತೆಗೆಯಬೇಡಿ. ಅಲ್ಲಿ ಅದು ಚಪ್ಪಾಳೆಗೋ ಗದ್ದಲಕ್ಕೋ ಆಹಾರವಾಗಿ ಮುಗಿಯುತ್ತದೆ. ಅದಕ್ಕಿಂತ ಮೊದಲೇ, ಈ ವಾರವೇ, ಆ ಸಂಸ್ಥೆಗೆ ಒಂದು ಕಾಗದ ಬರೆಯಿರಿ. ಬಯ್ಗುಳ ಬೇಡ, ಅಳುವೂ ಬೇಡ. ಶಿಬಿರದ ದಿನಾಂಕ, ಚಿತ್ರದ ಅಳತೆ, ಒಪ್ಪಿದ್ದ ಗೌರವಧನ, ಕ್ಯಾಲೆಂಡರಿನ ಯಾವ ತಿಂಗಳ ಹಾಳೆಯಲ್ಲಿ ಅಚ್ಚಾಗಿದೆ, ಇಷ್ಟನ್ನು ನಮೂದಿಸಿ. ಬಾಕಿ ಹಣ ಇಂಥ ದಿನದೊಳಗೆ ಕೊಡಿ, ಮುಂದೆ ಎಲ್ಲಿ ಅಚ್ಚು ಹಾಕಿದರೂ ಹೆಸರು ಹಾಕಿ ಎಂದು ಕೇಳಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ನಕಲು ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.

ಮುಂದೆ ಯಾರೂ ಕರೆಯಲಿಕ್ಕಿಲ್ಲ ಎಂದಿರಿ. ಕೆಲವರು ಕರೆಯದೆ ಇರಬಹುದು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹಣ ಕೊಡದೆ, ಹೆಸರು ಹಾಕದೆ ಕರೆಯುವವರ ಕರೆ ತಪ್ಪಿದರೆ ನಿಮಗೆ ನಷ್ಟವಾಗುವುದು ಮೂರು ದಿನದ ಊಟ ಮಾತ್ರ. ಸಮಾವೇಶದಲ್ಲಿ ನೀವು ಮಾಡಬಹುದಾದ ದೊಡ್ಡ ಕೆಲಸವೂ ಇಲ್ಲೇ ಇದೆ. ಇಂಥ ಅನುಭವ ಇನ್ನೂ ಯಾರಿಗಾಗಿದೆ ಎಂದು ಊಟದ ಸಾಲಿನಲ್ಲಿ ಮೆಲ್ಲಗೆ ವಿಚಾರಿಸಿ. ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. ಎಲ್ಲರೂ ಸೇರಿ, ಯಾವ ಸಂಸ್ಥೆಯ ಹೆಸರೂ ಎತ್ತದೆ, ಶಿಬಿರದ ಷರತ್ತುಗಳನ್ನು ಮೊದಲೇ ಬರವಣಿಗೆಯಲ್ಲಿ ಕೊಡಬೇಕೆಂದು ಸಮಾವೇಶದ ನಿರ್ಣಯದಲ್ಲಿ ಸೇರಿಸುವಂತೆ ಕೇಳಿ. ಕರ್ನಾಟಕ ಲಲಿತಕಲಾ ಅಕಾಡೆಮಿಗೂ ಅದರ ಪ್ರತಿ ಹೋಗಲಿ. 1964ರಿಂದ ಇರುವ ಸಂಸ್ಥೆ ಅದು, ಇಂಥ ಅಹವಾಲು ಕೇಳುವುದು ಅದರ ಕೆಲಸವೇ.

ಮನೆಯ ವಿಷಯ ನಿಮಗೆ ಕಾಣುತ್ತಿರುವಷ್ಟು ಕಷ್ಟದ್ದಲ್ಲ. ಗದಗದಿಂದ ಹುಬ್ಬಳ್ಳಿ ದಾಟಿದರೆ ಧಾರವಾಡ, ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇರುವಾಗ ಬಸ್ ಚಾರ್ಜಿನ ಮಾತೂ ಇಲ್ಲ. ಎರಡು ದಿನ ಮಗಳನ್ನು ಅಪ್ಪ ನೋಡಿಕೊಳ್ಳಲಿ, ಅವರ ಮಗಳೂ ಹೌದಲ್ಲ. ಏನು ತರ್ತೀ ಎಂಬ ಪ್ರಶ್ನೆಗೆ ಹಣದ ಲೆಕ್ಕದಲ್ಲಿ ಉತ್ತರ ಕೊಡಲು ಹೋಗಬೇಡಿ, ಸೋಲುತ್ತೀರಿ. ಮೊದಲ ಸಲ ನಾಲ್ಕು ಜನರ ಗುರುತಾದರೆ ಸಾಕು ಎನ್ನಿ.

ದೊಡ್ಡ ಕ್ಯಾನ್ವಾಸು ಹೊತ್ತೊಯ್ಯಬೇಡಿ. ಕಾಗದದ ಮೇಲಿನ ಸಣ್ಣ ಚಿತ್ರ ಐದಾರು, ರಾತ್ರಿ ಬರೆಯುವ ಸ್ಕೆಚ್ ಪುಸ್ತಕ, ಉಳಿದವುಗಳ ಫೋಟೋ ಮೊಬೈಲಿನಲ್ಲಿ. ಫೋಟೋ ಹಗಲು ಬೆಳಕಿನಲ್ಲಿ ತೆಗೆದಿರಲಿ, ಟ್ಯೂಬ್‌ಲೈಟಿನಲ್ಲಿ ಬಣ್ಣವೇ ಬದಲಾಗುತ್ತದೆ. ಪ್ರತಿಯೊಂದಕ್ಕೂ ಅಳತೆ, ಮಾಧ್ಯಮ, ವರ್ಷ ಬರೆದಿಡಿ. ಬೆಲೆ ಕೇಳಿದವರಿಗೆ ತಡವರಿಸದೆ ಒಂದು ಸಂಖ್ಯೆ ಹೇಳುವಂತೆ ಮನೆಯಲ್ಲೇ ಯೋಚಿಸಿಕೊಂಡು ಹೋಗಿ. "ನಿಮಗೆ ತಿಳಿದಷ್ಟು ಕೊಡಿ" ಎನ್ನುವ ಮಾತು ಮಾತ್ರ ಬಾಯಿಂದ ಬರಕೂಡದು.

ಕೊನೆಗೆ, ಈ ಅಂಕಣ ಓದುವ ಶಿಬಿರ ಸಂಘಟಕರಲ್ಲಿ ಒಂದು ವಿನಂತಿ. ನಿಮ್ಮ ಮುಂದಿನ ಆಮಂತ್ರಣದ ಹಿಂಬದಿಯಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿ: ಗೌರವಧನ ಎಷ್ಟು, ಯಾವ ದಿನ ಕೊಡುತ್ತೀರಿ, ಚಿತ್ರ ಯಾರ ಬಳಿ ಉಳಿಯುತ್ತದೆ, ಅಚ್ಚು ಹಾಕುವ ಹಕ್ಕು ಯಾರದು. ಅಚ್ಚು ಹಾಕಿದಲ್ಲೆಲ್ಲ ಬರೆದವರ ಹೆಸರು ಇರಲಿ.