ಹಳೆಯ ಅಭಿರುಚಿಯ ಗಿರಾಕಿ

ವೆಬ್‌ಸೈಟು ರಚಿಸಿಕೊಡುವ ವೃತ್ತಿಯನ್ನೇ ಜೀವನೋಪಾಯವಾಗಿ ನೆಚ್ಚಿದವನಿಗೆ, ಕಛೇರಿಯ ಬಾಡಿಗೆಯೂ ಸಾಲದ ಕಂತೂ ಕಣ್ಣೆದುರಿಗಿರುವಾಗ, ಬಂದ ಗಿರಾಕಿಯ ಕಲ್ಪನೆಗಳು ಇಪ್ಪತ್ತು ವರ್ಷಗಳಷ್ಟು ಹಳೆಯವೆಂಬ ಒಂದೇ ಕಾರಣಕ್ಕೆ ಆತನನ್ನು ಹಿಂದಿರುಗಿಸುವುದು ಉಚಿತವೇ ಎಂಬ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಹಳೆಯ ಅಭಿರುಚಿಗಾಗಿ ನಾನು ಸಂತೋಷದಿಂದಲೇ ದುಡಿಯುತ್ತೇನೆ. ಅದು ಗಿರಾಕಿಯ ವ್ಯಾಪಾರಕ್ಕೇ ನಷ್ಟ ತರುವಂಥದಾದರೆ ಮಾತ್ರ, ಮುಂಗಡ ಹಣವನ್ನು ಮುಟ್ಟುವ ಮುನ್ನ ಆ ಮಾತನ್ನು ಆಡಿ ತೀರಿಸಿಕೊಳ್ಳುತ್ತೇನೆ.

ಧಾರವಾಡದ ಕಡೆಯ ಹಿರಿಯ ಪ್ರಕಾಶಕರೊಬ್ಬರು ತಮ್ಮ ಪುಸ್ತಕಗಳ ಮಾರಾಟಕ್ಕಾಗಿ ವೆಬ್‌ಸೈಟು ಬೇಕೆಂದಾಗ, ಪುಟದ ನೆತ್ತಿಯಲ್ಲಿ ಓಡುವ ಅಕ್ಷರಸಾಲು, ಕೆಳಗೆ ಸಂದರ್ಶಕರ ಲೆಕ್ಕ, ತೆರೆದೊಡನೆ ವೀಣಾವಾದನ ಇವುಗಳೊಂದಿಗೆ, ಹಳೆಯ ನುಡಿ ಫಾಂಟಿನಲ್ಲಿ ಅಚ್ಚಿಗೆಂದು ಸಿದ್ಧವಾಗಿದ್ದ ಪುಸ್ತಕಪಟ್ಟಿಯನ್ನು ಚಿತ್ರಗಳಾಗಿಯೇ ಏರಿಸಬೇಕೆಂದು ವಿಧಿಸಿದರು. “ನಮ್ಮ ಅಕ್ಷರ ಕೆಡಬಾರದ್ರಿ, ಪುಸ್ತಕದಾಗ ಹೆಂಗ ಐತಿ ಹಂಗ ಕಾಣಬೇಕು” ಎಂಬುದು ಅವರ ಆಗ್ರಹ. ಫಾಂಟು ಇಲ್ಲದ ಗಣಕಯಂತ್ರದಲ್ಲಿ ಕನ್ನಡವು ವಿಕಾರವಾಗಿ ತೋರುತ್ತಿದ್ದ ಕಾಲವನ್ನು ಕಂಡವರಾದುದರಿಂದ ಆ ಆಗ್ರಹದ ಮೂಲದಲ್ಲಿ ಭಾಷಾಪ್ರೀತಿಯೇ ಇದ್ದಿತು.

ಓಡುವ ಸಾಲಿಗೂ ಲೆಕ್ಕದ ಪೆಟ್ಟಿಗೆಗೂ ನಾನು ಒಡನೆಯೇ ಒಪ್ಪಿದೆನು. ಅವುಗಳಿಗೆ ತಗಲುವ ಶ್ರಮ ಅತ್ಯಲ್ಪ, ಹಾನಿಯೂ ಇಲ್ಲ. ಓದುಗನು ಪುಟವನ್ನು ಮುಟ್ಟುವ ಮೊದಲೇ ಧ್ವನಿ ಹೊರಡುವುದನ್ನು ಕ್ರೋಮ್ ಬ್ರೌಸರು 2018ರಿಂದಲೇ ಸಾಮಾನ್ಯವಾಗಿ ತಡೆಯುತ್ತಿರುವುದರಿಂದ ವೀಣೆಯ ವಿಚಾರವೂ ಬೇಗನೆ ಮುಗಿಯಿತು. ಪಟ್ಟಿಯ ವಿಷಯವಾದರೋ ಹಾಗಲ್ಲ. ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಮೇಲೆ ಕುಳಿತಿರುತ್ತವೆ. ಯೂನಿಕೋಡಿನಲ್ಲಿಯಾದರೆ ಕನ್ನಡಕ್ಕೆ ತನ್ನದೇ ಆದ ಸ್ಥಾನವುಂಟು. ಅವರ ಕಡತದ ಒಂದು ಸಾಲನ್ನು ನಕಲಿಸಿ ಅವರದೇ ಮೊಬೈಲಿನಲ್ಲಿ ಅಂಟಿಸಿ ತೋರಿಸಿದೆ: ಗ್ರಂಥದ ಹೆಸರು ಇರಬೇಕಾದೆಡೆಯಲ್ಲಿ ಅರ್ಥಶೂನ್ಯವಾದ ಇಂಗ್ಲಿಷ್ ಅಕ್ಷರಗಳ ರಾಶಿ. ಕೃತಿಯ ಹೆಸರನ್ನು ಗೂಗಲ್‌ನಲ್ಲಿ ಕನ್ನಡದಲ್ಲಿಯೇ ಬರೆದು ಹುಡುಕುವ ಓದುಗನು ಇಂಥ ಪಟ್ಟಿಯನ್ನು ಮುಟ್ಟುವುದು ದುಸ್ತರವೆಂದೂ, ಚಿತ್ರವಾಗಿಸಿದರೂ ಫಲ ಹೆಚ್ಚೇನೂ ಬೇರೆಯಾಗದೆಂದೂ ವಿವರಿಸಿದೆ. ಅವರು ಕನ್ನಡಕವನ್ನು ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿ ಒಪ್ಪಿದರು.

ಪಟ್ಟಿಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶವು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಆಗಾಗ್ಗೆ ಎಡವುವುದರಿಂದ ಕರಡು ತಿದ್ದುವ ಕೆಲಸವೇ ದೊಡ್ಡದು. ಅದಕ್ಕೆ ಪುಟವೊಂದಕ್ಕೆ ಇಷ್ಟೆಂದು ಪ್ರತ್ಯೇಕ ದರವನ್ನು ಬರೆದು, ಅರ್ಧ ಮೊತ್ತವನ್ನು ಮುಂಗಡವಾಗಿ ಪಡೆದೆನು. ಹಳೆಯ ಕಲ್ಪನೆಗಳಿಗೆ ತಗಲುವ ವೆಚ್ಚವು ಹೀಗೆ ಬಿಲ್ಲಿನಲ್ಲಿ ಬೇರೆಯಾಗಿಯೇ ಕಾಣಬೇಕು.

ಇದಕ್ಕೆ ಪ್ರತಿಯಾಗಿ, ಅಡೋಬ್ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಕೈಬಿಟ್ಟ ಫ್ಲ್ಯಾಷ್‌ನಲ್ಲಿಯೇ ಮುಖಪುಟ ಬೇಕೆಂದು ಪಟ್ಟು ಹಿಡಿದು, ಕೆಲಸವೆಲ್ಲ ಮುಗಿದು ಮನಸ್ಸಿಗೆ ಒಪ್ಪಿದ ಮೇಲೆಯೇ ಹಣವೆಂದ ವ್ಯಾಪಾರಿಯೊಬ್ಬರನ್ನು ಕೈಮುಗಿದು ಕಳುಹಿಸಿದೆನು. ತೋರಿಸಿಕೊಟ್ಟ ಮೇಲೂ ನೋಡಲೊಲ್ಲದವರ ಕೆಲಸಕ್ಕೆ ಎಷ್ಟು ದರ ಹಾಕಿದರೂ ಸಾಲದು.

ಈ ವೃತ್ತಿಗೆ ಹೊಸದಾಗಿ ಬಂದವರಲ್ಲಿ ನನ್ನ ವಿನಂತಿಯೊಂದುಂಟು. ದುಡಿದ ಹಣ ಬಾಕಿ ಉಳಿಯಬಾರದೆಂದಿದ್ದರೆ, ಸಣ್ಣ ಉದ್ಯಮಗಳಿಗೆಂದಿರುವ ಸರ್ಕಾರದ ಉದ್ಯಮ್ ನೋಂದಣಿಯನ್ನು ಮೊದಲು ಮಾಡಿಸಿಕೊಳ್ಳಿರಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯಿದೆಯಂತೆ ಸಣ್ಣ ಉದ್ಯಮಿಗೆ ಸಲ್ಲಬೇಕಾದ ಹಣವನ್ನು, ಕರಾರು ಏನೇ ಇರಲಿ, 45 ದಿನಗಳೊಳಗೆ ಸಲ್ಲಿಸತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕು ಗೊತ್ತುಪಡಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತೆರಬೇಕಾಗುತ್ತದೆ.