ಮೊದಲು ಅರ್ಥಿಂಗ್, ಆಮೇಲೆ ಗ್ರಾಫಿಕ್ಸ್ ಕಾರ್ಡ್

ಹೊಸ ಕಂಪ್ಯೂಟರಿಗೆ ನೀವು ಮಾಡಿದ ಬಿಡಿಭಾಗಗಳ ಪಟ್ಟಿ ನೋಡಿದೆ. ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರ್ ಒಳ್ಳೆಯ ಆಯ್ಕೆ. ಅದರ 96 ಎಂಬಿ ಎಲ್3 ಕ್ಯಾಶ್ ಆಟಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಆರ್‌ಟಿಎಕ್ಸ್ 4090 ಬೇಡ. ಅದೊಂದೇ 450 ವ್ಯಾಟ್ ಎಳೆಯುತ್ತದೆ. ನಿಮ್ಮ 1440ಪಿ ಮಾನಿಟರ್‌ಗೆ 300 ವ್ಯಾಟ್‌ನ 5070 ಟಿಐ ಧಾರಾಳವಾಯಿತು.

ಉಳಿಯುವ ಹಣವನ್ನು ಕರೆಂಟಿನ ಮೇಲೆ ಹಾಕಿ. ಎನ್. ಬೇಗೂರಿನಲ್ಲಿ ಸಂಜೆಯಾದರೆ ವೋಲ್ಟೇಜ್ ಇಳಿಯುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ ಎಂದು ನೀವೇ ಬರೆದಿದ್ದೀರಿ. 850 ವ್ಯಾಟ್‌ನ ಗೋಲ್ಡ್ ದರ್ಜೆಯ ಎಸ್‌ಎಂಪಿಎಸ್ ಕೊಳ್ಳಿ, ಇದರಲ್ಲಿ ಚೌಕಾಶಿ ಬೇಡ. ಜೊತೆಗೆ 1500 ವಿಎ ಯುಪಿಎಸ್. ಪ್ಯೂರ್ ಸೈನ್ ವೇವ್ ಎಂದೇ ಕೇಳಿ ತನ್ನಿ. ಅಗ್ಗದ ಯುಪಿಎಸ್ ಬ್ಯಾಟರಿಗೆ ತಿರುಗಿದ ಕ್ಷಣದಲ್ಲೇ ಇಂಥ ಎಸ್‌ಎಂಪಿಎಸ್ ಕೆಲವೊಮ್ಮೆ ಆಫ್ ಆಗಿಬಿಡುತ್ತದೆ.

ಈಗಿನ ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂದಿದ್ದೀರಲ್ಲ, ನನಗೆ ನಿಜಕ್ಕೂ ಆತಂಕ ತಂದದ್ದು ಅದೇ. ಅರ್ಥಿಂಗ್ ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ, ಫೇಸ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. 230ರ ಆಸುಪಾಸು ತೋರಿಸದಿದ್ದರೆ ಹೊಸ ಅರ್ಥಿಂಗ್ ಗುಂಡಿ ತೋಡಿಸಿ. ಅದು ಮುಗಿಯುವವರೆಗೆ ಭಾಗಗಳನ್ನು ಕೊಳ್ಳಲು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಲೇಬೇಡಿ. ಹೋದಾಗ ಪ್ರತಿ ಭಾಗಕ್ಕೂ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಬರೆಸಿಕೊಳ್ಳಿ.