ತಾಲೀಮಿಗೆ ಬರಿಗೈಲಿ ಹೋಗು

ಚಿ. ಪುಟ್ಟಿಗೆ,

ನೀನು ಕಳಿಸಿದ ನಾಟಕದ ಫೋಟೋಗಳನ್ನೆಲ್ಲ ನೋಡಿದೆ. ಫೋಕಸ್ ಎಲ್ಲೂ ತಪ್ಪಿಲ್ಲ, ಬೆಳಕೂ ಚೆನ್ನಾಗಿ ಬಂದಿದೆ. ಆದರೆ ಹೆಚ್ಚಿನವು ಮಾತು ಮುಗಿದ ಮೇಲಿನ ಮುಖಗಳು. ಮಾತು ಹುಟ್ಟುವ ಹೊತ್ತಿನ ಮುಖ ಒಂದೆರಡೇ ಸಿಕ್ಕಿವೆ. ಅದಕ್ಕೇ ಕೋಲ್ಕತ್ತದ ನಿಮಾಯ್ ಘೋಷ್ ಅವರ ವಿಷಯ ನಿನಗೆ ಬರೆಯಬೇಕು ಅನ್ನಿಸಿತು.

ಸತ್ಯಜಿತ್ ರಾಯ್ ಅವರ ಫೋಟೋಗ್ರಾಫರ್ ಎಂದು ಅವರ ಹೆಸರು ಕೇಳಿರುತ್ತೀಯ. ರಂಗಭೂಮಿಯ ನಂಟು ಅದಕ್ಕಿಂತ ಹಳೆಯದು. 1934ರಲ್ಲಿ ಹುಟ್ಟಿದ ಘೋಷ್ ಮೊದಲು ನಟರು. ಉತ್ಪಲ್ ದತ್ತರ ಲಿಟಲ್ ಥಿಯೇಟರ್ ಗ್ರೂಪ್‌ನಲ್ಲಿ ಬಣ್ಣ ಹಚ್ಚಿದವರು. ಕ್ಯಾಮೆರಾ ಕೈಗೆ ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಯಾರೋ ಟ್ಯಾಕ್ಸಿಯಲ್ಲಿ ಮರೆತುಹೋದ ಒಂದು ಕ್ಯಾನನೆಟ್ ಕ್ಯಾಮೆರಾ ಅವರ ಗೆಳೆಯನ ಕೈಸೇರಿತ್ತು. ಆ ಗೆಳೆಯ ಇವರಿಗೆ 240 ರೂಪಾಯಿ ಕೊಡಬೇಕಿತ್ತು. ಸಾಲ ವಜಾ ಆಯಿತು, ಕ್ಯಾಮೆರಾ ಇವರದಾಯಿತು! ಇಪ್ಪತ್ತನಾಲ್ಕಕ್ಕೇ ತಡವಾಯಿತೆಂದು ಕೊರಗುವ ನೀನು ಇದನ್ನು ನೆನಪಿಟ್ಟುಕೋ.

ಅದು ಲೆನ್ಸ್ ಬದಲಿಸಲಾಗದ ಕ್ಯಾಮೆರಾ. ಮುಖ ಹತ್ತಿರ ಬೇಕೆಂದರೆ ತಾವೇ ಹತ್ತಿರ ಹೋಗಬೇಕು. 1968ರಲ್ಲಿ ರಾಮಪುರಹಾಟ್‌ನಲ್ಲಿ ‘ಗೂಪಿ ಗಾಯಿನ್ ಬಾಘಾ ಬಾಯಿನ್’ ಸಿನಿಮಾದ ಚಿತ್ರೀಕರಣ ನಡೆದಿದ್ದಾಗ ಘೋಷ್ ಆ ಕ್ಯಾಮೆರಾದಲ್ಲೇ ಫೋಟೋ ತೆಗೆದರು. ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತರ ಮೂಲಕ ಅವು ರಾಯ್ ಕಣ್ಣಿಗೆ ಬಿದ್ದವು. ತಾನು ಆರಿಸುವ ಕೋನಗಳನ್ನೇ ಈತನೂ ಹಿಡಿದಿದ್ದಾನಲ್ಲ ಎಂದು ರಾಯ್ ಬೆರಗಾದರು. ಆಮೇಲೆ 1992ರಲ್ಲಿ ರಾಯ್ ತೀರಿಕೊಳ್ಳುವವರೆಗೂ ಘೋಷ್ ಜೊತೆ ಬಿಡಲಿಲ್ಲ. ಪೆನ್ನಿನ ಬದಲು ಕ್ಯಾಮೆರಾ ಹಿಡಿದ ಬಾಸ್ವೆಲ್ ಎಂದು ಘೋಷ್ ಅವರನ್ನು ರಾಯ್ ಕರೆದದ್ದು ಬರಿ ಹೊಗಳಿಕೆಯಲ್ಲ. ಡಾಕ್ಟರ್ ಜಾನ್ಸನ್ನರ ಮಾತು ನಡೆಗಳನ್ನೆಲ್ಲ ಬಾಸ್ವೆಲ್ ಬರೆದಿಟ್ಟಂತೆ, ರಾಯ್ ಕೂತದ್ದು, ಬರೆದದ್ದು, ನಟರಿಗೆ ತಾವೇ ಅಭಿನಯಿಸಿ ತೋರಿಸಿದ್ದು ಎಲ್ಲವೂ ಘೋಷ್ ಫೋಟೋಗಳಲ್ಲಿ ಉಳಿದಿದೆ.

ಘೋಷ್ ಫ್ಲ್ಯಾಷ್ ಬಳಸುತ್ತಿರಲಿಲ್ಲ. ಇದನ್ನು ನಿನಗೆ ಒತ್ತಿ ಹೇಳುತ್ತೇನೆ. ಅವರ ಕಾಲದ ಕೋಲ್ಕತ್ತದ ರಂಗಕ್ಕೆ ಬೆಳಕು ಕೊಟ್ಟವರು ತಾಪಸ್ ಸೇನ್. 1959ರಲ್ಲಿ ಮಿನರ್ವಾ ಥಿಯೇಟರಿನ ‘ಅಂಗಾರ್’ ನಾಟಕದಲ್ಲಿ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವುದನ್ನು ಅವರು ಬೆಳಕಿನಲ್ಲೇ ತೋರಿಸಿದ್ದರು. ಅಂಥ ರಂಗದ ಮೇಲೆ ಒಂದು ಫ್ಲ್ಯಾಷ್ ಹೊಡೆದರೆ ಗಣಿಯೂ ಇಲ್ಲ, ನೀರೂ ಇಲ್ಲ. ಬಣ್ಣ ಬಳಿದ ಪ್ಲೈವುಡ್ಡು ಮಾತ್ರ. ನಟನ ಅರ್ಧ ಮುಖ ಕತ್ತಲಲ್ಲಿದ್ದರೆ ಫೋಟೋದಲ್ಲೂ ಕತ್ತಲಲ್ಲೇ ಇರಲಿ. ನಿನ್ನ ಮೂರನೆಯ ಫೋಟೋದಲ್ಲಿ ಕಂಪ್ಯೂಟರಿನಲ್ಲಿ ನೆರಳನ್ನೆಲ್ಲ ಎತ್ತಿಬಿಟ್ಟಿದ್ದೀಯ. ಬೆಳಕು ಮಾಡಿದವನಿಗೆ ಎಷ್ಟು ಸಂಕಟವಾಗಿರಬೇಡ?

ನಟನಾಗಿದ್ದವನಿಗೆ ಇನ್ನೊಬ್ಬ ನಟ ಯಾವಾಗ ಉಸಿರೆಳೆದುಕೊಳ್ಳುತ್ತಾನೆಂಬುದು ಗೊತ್ತಿರುತ್ತದೆ. ದೊಡ್ಡ ಮಾತಿಗೆ ಮುಂಚೆ ಹೆಗಲು ಒಂದಿಷ್ಟು ಏಳುತ್ತದೆ, ಗಂಟಲ ನರ ಬಿಗಿಯುತ್ತದೆ, ಕಣ್ಣು ಎದುರಿನವರಿಂದ ಸರಿದು ಮತ್ತೆ ಬರುತ್ತದೆ. ಆಗ ಬೆರಳು ಒತ್ತಬೇಕು. ಮಾತು ಕೇಳಿದ ಮೇಲೆ ಒತ್ತಿದರೆ ಹೊತ್ತು ಮೀರಿತು. ಘೋಷ್ ಅವರಿಗೆ ಒಂದು ರೀಲಿನಲ್ಲಿ 36 ಫ್ರೇಮು, ಕಾಯದೆ ವಿಧಿಯಿರಲಿಲ್ಲ. ನೀನು ಒಂದು ಪ್ರದರ್ಶನಕ್ಕೆ ಸಾವಿರ ತೆಗೆದರೂ ಈ ಕಾಯುವಿಕೆ ತಪ್ಪದು. ಮುಂದಿನ ನಾಟಕಕ್ಕೆ ಮೊದಲು ತಾಲೀಮಿಗೆ ಹೋಗು, ಕ್ಯಾಮೆರಾ ಮನೆಯಲ್ಲಿಡು. ನಾಟಕದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ಮಾತಿಗೆ ಬೆಳಕು ಬದಲಾಗುತ್ತದೆ ಅಂತ ಅಂಚಿನಲ್ಲಿ ಗುರುತು ಹಾಕಿಕೋ.

ಸಿನಿಮಾ ಕೈತುಂಬ ಕೆಲಸ ಕೊಟ್ಟಾಗಲೂ ಘೋಷ್ ನಾಟಕ ಬಿಡಲಿಲ್ಲ. ಅರುವತ್ತರಿಂದ ತೊಂಬತ್ತರ ದಶಕದವರೆಗಿನ ಕೋಲ್ಕತ್ತ ರಂಗಭೂಮಿ ಅವರ ‘ಡ್ರಮ್ಯಾಟಿಕ್ ಮೊಮೆಂಟ್ಸ್’ ಪುಸ್ತಕದಲ್ಲಿದೆ. ಚಿತ್ರಕಲಾವಿದರ ಭಾವಚಿತ್ರಗಳನ್ನೂ ತೆಗೆದರು. 2010ರಲ್ಲಿ ಪದ್ಮಶ್ರೀ ಬಂತು, 2020ರ ಮಾರ್ಚ್‌ನಲ್ಲಿ ತೀರಿಕೊಂಡರು. ಸಿನಿಮಾ ಹೋದರೂ ರೀಲು ಇರುತ್ತದೆ ಪುಟ್ಟಿ. ನಾಟಕ ಹಾಗಲ್ಲ; ಒಂದು ರಾತ್ರಿಯ ನಾಟಕ ಹೇಗಿತ್ತು ಅಂತ ತೋರಿಸುವುದಕ್ಕೆ ಎಷ್ಟೋ ಸಲ ನಿನ್ನಂಥವರ ಫೋಟೋ ಬಿಟ್ಟರೆ ಬೇರೇನೂ ಇರುವುದಿಲ್ಲ.

ಹಾಗಾಗಿ ಹಬ್ಬಕ್ಕೆ ಬರುವಾಗ ಹಾರ್ಡ್ ಡಿಸ್ಕ್ ತಗೊಂಡು ಬಾ. ಒಂದೊಂದು ಫೋಟೋಗೂ ನಾಟಕ, ತಾರೀಖು, ನಟರು, ಬೆಳಕು ಮಾಡಿದವರು, ಪ್ರಸಾಧನ ಮಾಡಿದವರು ಅಂತ ಕೂತು ಬರೆಯೋಣ. ಗೊತ್ತಿಲ್ಲದ ಹೆಸರುಗಳನ್ನು ತಂಡದವರನ್ನು ಈಗಲೇ ಕೇಳಿಟ್ಟುಕೋ.

ಇಂತಿ ನಿನ್ನ
ದೊಡ್ಡಪ್ಪ